ಬೆಲ್ಲದ ಜಾಗಕ್ಕೆ ಜೇನು ಬಂದರೆ

ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಹಿಯ ಅದಲುಬದಲಿನ ಬಗ್ಗೆಯೇ ಇವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ಉತ್ತರಿಸಿದ್ದೇವೆ. ಇಲ್ಲಿ ಕಪ್ ಅಂದರೆ 240 ಮಿ.ಲೀ., ದೊಡ್ಡ ಚಮಚ 15 ಮಿ.ಲೀ., ಟೀ ಚಮಚ 5 ಮಿ.ಲೀ. ಮನೆಯಲ್ಲಿ ಚಿಕ್ಕ ತಕ್ಕಡಿ ಇದ್ದರೆ ಕಪ್ಪಿಗಿಂತ ಅದನ್ನೇ ನಂಬಿ. ಒಂದು ಕಪ್ ಸಕ್ಕರೆ 200 ಗ್ರಾಂ ತೂಗಿದರೆ ಅದೇ ಕಪ್ಪಿನ ಜೇನುತುಪ್ಪ 340 ಗ್ರಾಂ ತೂಗುತ್ತದೆ. ಪುಡಿ ಬೆಲ್ಲಕ್ಕಂತೂ ಒತ್ತಿ ತುಂಬಿದರೆ ಒಂದು ಲೆಕ್ಕ, ಸಡಿಲ ಬಿಟ್ಟರೆ ಇನ್ನೊಂದು ಲೆಕ್ಕ. ಕೆಳಗಿನ ಅರ್ಧ ತೊಂದರೆಗಳು ಹುಟ್ಟಿರುವುದೇ ಇಲ್ಲಿಂದ.

ಪ್ರಶ್ನೆ: ಮನೆಯಲ್ಲಿ ಕಾಫಿ ಹೂವಿನ ಜೇನು ಧಾರಾಳವಾಗಿದೆ ಎಂದು ಕೇಕಿಗೆ ಒಂದು ಕಪ್ ಸಕ್ಕರೆಯ ಬದಲು ಒಂದು ಕಪ್ ಜೇನು ಹಾಕಿದೆ. ಮೇಲೆ ಕರಿ ತಿರುಗಿತು, ಒಳಗೆ ಅಂಟಂಟಾಗಿ ಉಳಿಯಿತು. ಓವನ್ ಕೆಟ್ಟಿದೆಯೇ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಓವನ್ ಸರಿಯಾಗೇ ಇದೆ. 200 ಗ್ರಾಂ ಸಕ್ಕರೆ ಬೇಕಿದ್ದ ಜಾಗಕ್ಕೆ ನೀವು 340 ಗ್ರಾಂ ಜೇನು ಸುರಿದಿದ್ದೀರಿ. ಅದರಲ್ಲಿ ಸಕ್ಕರೆಯಂಶವೇ 270 ಗ್ರಾಂ ಮೇಲಿದೆ, ಜೊತೆಗೆ 60 ಗ್ರಾಂನಷ್ಟು ನೀರು. ಹಿಟ್ಟು, ಮೊಟ್ಟೆ, ಹಾಲು ಮಾತ್ರ ಮೊದಲಿನಷ್ಟೇ. ಒಳಗೆ ಅಂಟಾಗದೆ ಇನ್ನೇನಾದೀತು?

ಒಂದು ಕಪ್ ಸಕ್ಕರೆಗೆ ಮುಕ್ಕಾಲು ಕಪ್ ಜೇನು ಸಾಕು. ಮುಕ್ಕಾಲು ಕಪ್ಪೆಂದರೆ 255 ಗ್ರಾಂ. ಅದರಲ್ಲಿ ಸಕ್ಕರೆಯಂಶ ಹೆಚ್ಚುಕಡಿಮೆ 205 ಗ್ರಾಂ, ನೀರು 45 ಗ್ರಾಂ. ಲೆಕ್ಕ ಕೂಡಿಬಂತು. ಆ ನೀರಿಗೆ ಸರಿಯಾಗಿ ಹಾಲನ್ನೋ ನೀರನ್ನೋ ಮೂರು ದೊಡ್ಡ ಚಮಚದಷ್ಟು ಕಡಿಮೆ ಮಾಡಿ. ಹಾಲೇ ಇಲ್ಲದ ಕೇಕಾದರೆ ಮೂರು ದೊಡ್ಡ ಚಮಚ ಮೈದಾ ಹೆಚ್ಚಿಸಿ.

ಕರಿ ತಿರುಗಿದ್ದಕ್ಕೆ ಕಾರಣ ಬೇರೆ. ಜೇನಿನಲ್ಲಿ ಹೆಚ್ಚಾಗಿರುವುದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಫ್ರಕ್ಟೋಸ್ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಂದಲು ಶುರುವಾಗುತ್ತದೆ, ಅಡುಗೆ ಸಕ್ಕರೆಗೆ 160ರ ಮೇಲೆ ಹೋಗಬೇಕು. ಫ್ರಕ್ಟೋಸ್, ಗ್ಲೂಕೋಸ್ ಎರಡೂ ಮೊಟ್ಟೆ, ಹಾಲಿನ ಪ್ರೋಟೀನಿನ ಜೊತೆ ಸೇರಿಯೂ ಬೇಗ ಕೆಂಪಗಾಗುತ್ತವೆ. ಅದಕ್ಕೇ 180 ಡಿಗ್ರಿ ಹೇಳಿದ ಕಡೆ 165ಕ್ಕೆ ಇಳಿಸಿ, ಐದರಿಂದ ಹತ್ತು ನಿಮಿಷ ಹೆಚ್ಚು ಬೇಯಿಸಿ. ಅರ್ಧ ಬೆಂದ ಮೇಲೆ ಮೇಲ್ಭಾಗ ಕೆಂಪೇರಿದ್ದರೆ ಫಾಯಿಲ್ ಹಾಳೆ ಸಡಿಲವಾಗಿ ಮುಚ್ಚಿ. ಚಿಕ್ಕ ಓಟಿಜಿಯಲ್ಲಿ ಮೇಲಿನ ಕಾಯಿಲ್ ಕೇಕಿಗೆ ತೀರಾ ಹತ್ತಿರವಿರುತ್ತದೆ. ಅಂಥದ್ದರಲ್ಲಿ ಹತ್ತು ನಿಮಿಷದ ನಂತರ ಕೆಳಗಿನ ಕಾಯಿಲ್ ಮಾತ್ರ ಉರಿಸುವುದು ಕ್ಷೇಮ.

ಜೇನು ಹುಳಿ ಪದಾರ್ಥ. ನಾಲಿಗೆಗೆ ಗೊತ್ತಾಗದಿದ್ದರೂ ಅದರ ಪಿಎಚ್ 4ರ ಹತ್ತಿರ ಇರುತ್ತದೆ. ಬರೀ ಬೇಕಿಂಗ್ ಪೌಡರ್ ಹಾಕುವ ಕೇಕಾದರೆ ಪ್ರತಿ ಕಪ್ ಜೇನಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಸೇರಿಸಿ. ಮೊದಲೇ ಸೋಡಾ ಇದ್ದರೆ ಮತ್ತೆ ಹಾಕಬೇಡಿ, ಸಾಬೂನಿನ ವಾಸನೆ ಬರುತ್ತದೆ, ಬಣ್ಣವೂ ಇನ್ನಷ್ಟು ಕಪ್ಪಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬೆಣ್ಣೆ ಮತ್ತು ಸಕ್ಕರೆ ನೊರೆ ಬರುವಂತೆ ತಿರುವಿ ಮಾಡುವ ಕೇಕಿಗೆ ಪೂರ್ತಿ ಜೇನು ಒಗ್ಗುವುದಿಲ್ಲ. ಸಕ್ಕರೆಯ ಹರಳು ಬೆಣ್ಣೆಯನ್ನು ಕೆರೆದು ಗಾಳಿ ತುಂಬಿಸುತ್ತದೆ. ಜೇನಿಗೆ ಹರಳಿಲ್ಲ, ಆ ಕೆಲಸ ಅದರಿಂದಾಗದು. ಅಂಥ ಕೇಕಿಗೆ ಸಕ್ಕರೆಯ ಅರ್ಧ ಪಾಲನ್ನಷ್ಟೇ ಬದಲಿಸಿ. ಎಣ್ಣೆ ಹಾಕಿ ಕಲಸುವ ಕೇಕು, ಬಾಳೆಹಣ್ಣಿನ ಕೇಕು, ಮಫಿನ್ ಇವಕ್ಕೆ ಪೂರ್ತಿ ಬದಲಿಸಿದರೂ ನಡೆಯುತ್ತದೆ. ಅಳೆಯುವ ಮೊದಲು ಕಪ್ಪಿಗೆ ಎಣ್ಣೆ ಸವರಿದರೆ ಜೇನು ತಳಕ್ಕೆ ಅಂಟದೆ ಜಾರುತ್ತದೆ. ಇನ್ನೊಂದು ಮಾತು: ಕಾಫಿ ಹೂವಿನ ಜೇನಿನ ನವಿರು ಪರಿಮಳ ಓವನ್ನಿನಲ್ಲಿ ಹಾರಿಹೋಗುತ್ತದೆ. ಅದನ್ನು ದೋಸೆಗೋ ರೊಟ್ಟಿಗೋ ಉಳಿಸಿಕೊಂಡು ಕೇಕಿಗೆ ಗಾಢ ಬಣ್ಣದ, ಖಾರ ವಾಸನೆಯ ಹೆಜ್ಜೇನು ಹಾಕುವುದೇ ಜಾಣತನ.

ಪ್ರಶ್ನೆ: ಶುಂಠಿ ಕೇಕಿನ ರೆಸಿಪಿಯಲ್ಲಿ ಒಂದು ಕಪ್ ಮೊಲಾಸಸ್ ಎಂದಿದೆ. ಮೊಲಾಸಸ್ ಅಂದರೆ ಕಾಕಂಬಿ ತಾನೆ? ಸಕ್ಕರೆ ಕಾರ್ಖಾನೆಯಿಂದ ಒಂದು ಕ್ಯಾನ್ ತಂದುಕೊಡುತ್ತೇನೆ ಎಂದು ನಮ್ಮ ಭಾವ ಹೇಳುತ್ತಿದ್ದಾರೆ. ತರಿಸಲೇ?
— ಓದುಗರು, ಚನ್ನರಾಯಪಟ್ಟಣ

ಉತ್ತರ: ಬೇಡ. ಹೆಸರು ಒಂದೇ, ವಸ್ತು ಒಂದೇ ಅಲ್ಲ. ಕಾರ್ಖಾನೆಯ ಕಾಕಂಬಿ ಎಂದರೆ ಕಬ್ಬಿನ ಹಾಲನ್ನು ಮತ್ತೆ ಮತ್ತೆ ಕುದಿಸಿ, ತೆಗೆಯಬಹುದಾದ ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕಡೆಯ ದ್ರವ. ಕಬ್ಬಿನ ಹಾಲನ್ನು ತಿಳಿ ಮಾಡಲು ಹಾಕಿದ ಸುಣ್ಣ, ಗಂಧಕದ ಹೊಗೆಯ ಶೇಷ, ಲವಣ ಎಲ್ಲವೂ ಅದರಲ್ಲಿ ಸಾಂದ್ರವಾಗಿ ಕೂತಿರುತ್ತವೆ. ಅದು ಡಿಸ್ಟಿಲರಿಗೆ, ದನದ ಮೇವಿಗೆ ಹೋಗುವ ಮಾಲು. ತಿನ್ನುವ ಪದಾರ್ಥಕ್ಕೆ ಬೇಕಾದ ಶುಚಿಯಲ್ಲಿ ಅದನ್ನು ಯಾರೂ ಇಡುವುದಿಲ್ಲ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವುದು ಆಹಾರಕ್ಕೆಂದೇ ತಯಾರಿಸಿದ್ದು.

ಆ ಬಾಟಲಿ ಸಿಗದಿದ್ದರೆ ನಮ್ಮ ಜೋನಿ ಬೆಲ್ಲವೇ ಅದರ ಹತ್ತಿರದ ನೆಂಟ. ಒಂದು ಕಪ್ಪಿಗೆ ಒಂದು ಕಪ್. ವ್ಯತ್ಯಾಸ ಎರಡು. ಮೊಲಾಸಸ್‌ಗೆ ಒಂದು ಕಹಿ ಇದೆ, ಜೋನಿ ಬೆಲ್ಲಕ್ಕಿಲ್ಲ. ಆ ಕಹಿಗೆ ಒಂದು ದೊಡ್ಡ ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಬೆರೆಸಿ, ಶುಂಠಿ, ಲವಂಗದ ಜೊತೆ ಅದು ಕಾಫಿ ಎಂದು ಯಾರಿಗೂ ಗೊತ್ತಾಗದು. ಪ್ಲಮ್ ಕೇಕಿಗೆ ಸುಟ್ಟ ಸಕ್ಕರೆಯ ಪಾಕ ಮಾಡಿಟ್ಟುಕೊಳ್ಳುವವರು ಅದನ್ನೇ ಎರಡು ಚಮಚ ಹಾಕಬಹುದು. ಎರಡನೆಯದು ಹುಳಿ. ಇಂಥ ರೆಸಿಪಿಗಳು ಮೊಲಾಸಸ್‌ನ ಹುಳಿಯನ್ನು ನಂಬಿ ಸೋಡಾ ಹಾಕಿರುತ್ತವೆ. ಆಲೆಮನೆಯಲ್ಲಿ ಸುಣ್ಣ ಹಾಕಿ ತಿಳಿ ಮಾಡಿದ ಬೆಲ್ಲಕ್ಕೆ ಅಷ್ಟು ಹುಳಿ ಇರದು. ಹಾಗಾಗಿ ಒಂದು ಟೀ ಚಮಚ ನಿಂಬೆರಸ ಸೇರಿಸಿ, ಇಲ್ಲವೇ ಹಾಲಿನ ಬದಲು ಮೊಸರು ಹಾಕಿ. ಮರೆತರೆ ಕೇಕು ಉಬ್ಬುವುದು ಕಡಿಮೆ, ಸೋಡಾ ರುಚಿ ಹೆಚ್ಚು.

ಜೋನಿ ಬೆಲ್ಲ ಮಲೆನಾಡಿನ ಅಂಗಡಿಗಳಲ್ಲಿ ಸಿಗುವಷ್ಟು ಸುಲಭವಾಗಿ ನಿಮ್ಮ ಕಡೆ ಸಿಗದಿರಬಹುದು. ಮನೆಯಲ್ಲೇ ಮಾಡಿ: ಕಂದು ಬಣ್ಣದ ಉಂಡೆ ಬೆಲ್ಲ 250 ಗ್ರಾಂ ಕುಟ್ಟಿ 100 ಮಿ.ಲೀ. ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ. ತೆಳು ಬಟ್ಟೆಯಲ್ಲಿ ಸೋಸಿ. ಅರ್ಧ ಟೀ ಚಮಚ ನಿಂಬೆರಸ ಹಾಕಿ ಮತ್ತೆ ಐದಾರು ನಿಮಿಷ ಕುದಿಸಿ. ಬಿಸಿಯಲ್ಲಿ ಎಣ್ಣೆಯಷ್ಟು ತೆಳುವಿದ್ದಾಗಲೇ ಇಳಿಸಬೇಕು, ಆರಿದಾಗ ಜೇನಿನ ಹದಕ್ಕೆ ಬರುತ್ತದೆ. ಒಲೆಯ ಮೇಲೇ ಜೇನಿನಷ್ಟು ಗಟ್ಟಿ ಮಾಡಿದರೆ ಮಾರನೇ ದಿನ ಬಾಟಲಿಯಿಂದ ಹೊರಡುವುದಿಲ್ಲ. ನಿಂಬೆರಸ ಬರೀ ಹುಳಿಗಲ್ಲ. ಅದು ಸಕ್ಕರೆಯನ್ನು ಸ್ವಲ್ಪ ಒಡೆದು, ಪಾಕ ಮತ್ತೆ ಹರಳುಗಟ್ಟದಂತೆ ತಡೆಯುತ್ತದೆ.

ಬ್ರೌನ್ ಶುಗರ್ ಕೇಳಿದ ರೆಸಿಪಿಗೂ ಇದೇ ದಾರಿ. ಬ್ರೌನ್ ಶುಗರ್ ಎಂದರೆ ಬಿಳಿ ಸಕ್ಕರೆಗೆ ಮೊಲಾಸಸ್ ಸವರಿದ್ದು, ಅಷ್ಟೇ. 200 ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಮೊಲಾಸಸ್ ಬೆರಳಲ್ಲಿ ಉಜ್ಜಿದರೆ ತಿಳಿ ಬಣ್ಣದ್ದು, ಎರಡು ಚಮಚವಾದರೆ ಗಾಢ ಬಣ್ಣದ್ದು. ಜೋನಿ ಬೆಲ್ಲದಲ್ಲಾದರೆ ಎರಡು ಚಮಚದಿಂದ ಶುರು ಮಾಡಿ. ಪುಡಿ ಬೆಲ್ಲವನ್ನೇ ತೂಕಕ್ಕೆ ತೂಕ ಹಾಕಲೂಬಹುದು. ಆದರೆ ಜರಡಿ ಹಿಡಿಯದೆ ಹಾಕಬೇಡಿ. ಉಳಿದ ಗಂಟುಗಳು ಬಿಸ್ಕತ್ತಿನಲ್ಲಿ ಕರಗಿ, ತಟ್ಟೆಗೆ ಹರಿದು, ಸುಟ್ಟ ಗುಳಿಗಳಾಗುತ್ತವೆ.

ಪ್ರಶ್ನೆ: ಮನೆಯಲ್ಲಿ ಎಲ್ಲರೂ ಬೆಲ್ಲದ ಕಾಫಿಗೆ ಬದಲಾಗಿದ್ದೇವೆ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಹಾಲು ಒಡೆಯುತ್ತದೆ. ಅದೇ ಹಾಲು, ಅದೇ ಪುಡಿ. ಬೆಲ್ಲದ ಪಾಯಸದಲ್ಲೂ ಇದೇ ಪಾಡು.
— ಓದುಗರು, ಮೂಡಿಗೆರೆ

ಉತ್ತರ: ಅದೇ ಹಾಲು, ಅದೇ ಪುಡಿ ಇರಬಹುದು, ಬೆಲ್ಲ ಮಾತ್ರ ಅದೇ ಅಲ್ಲ. ಒಂದೊಂದು ಅಚ್ಚಿಗೂ ಹುಳಿ, ಲವಣದ ಅಂಶ ಬೇರೆ. ಹಳೆಯದಾಗಿ ಬೆವೆತ ಬೆಲ್ಲಕ್ಕೆ ಹುಳಿ ಇನ್ನೂ ಹೆಚ್ಚು. ಹಾಲಿನ ಪಿಎಚ್ 6.6ರ ಸುತ್ತ ಇರುತ್ತದೆ. ತಣ್ಣಗಿರುವಾಗ ಅದು 4.6ರ ತನಕ ಇಳಿದರೆ ಮಾತ್ರ ಪೂರ್ತಿ ಒಡೆಯುತ್ತದೆ. ಕುದಿಯುವಾಗ ಅಷ್ಟು ತಾಳ್ಮೆ ಅದಕ್ಕಿಲ್ಲ, ಸ್ವಲ್ಪ ಹುಳಿ ತಗುಲಿದರೂ ಸಾಕು. ಡಿಕಾಕ್ಷನ್ನೂ ಹುಳಿಯದೇ. ಮೂರೂ ಕುದಿಯುತ್ತಲೇ ಸೇರಿದರೆ ಜಗಳ ಖಂಡಿತ.

ಕಾಫಿಗೆ ಕ್ರಮ ಬದಲಿಸಿ. ಲೋಟದ ತಳಕ್ಕೆ ಬೆಲ್ಲದ ಪುಡಿ, ಮೇಲೆ ಬಿಸಿ ಡಿಕಾಕ್ಷನ್, ಪೂರ್ತಿ ಕರಗುವ ತನಕ ಕಲಕಿ. ಹಾಲನ್ನು ಬೇರೆಯಾಗಿ ಕಾಯಿಸಿ, ಉಕ್ಕಿದ ಮೇಲೆ ಒಲೆಯಿಂದಿಳಿಸಿ ಎರಡು ನಿಮಿಷ ಬಿಟ್ಟು ಕೊನೆಗೆ ಸುರಿಯಿರಿ. ಬೆರೆಸಿದ ಕಾಫಿಯನ್ನು ಮತ್ತೆ ಒಲೆಗೆ ಇಡಬೇಡಿ. ತಡವಾಗಿ ಬಂದವರಿಗೆ ಬಿಸಿ ಮಾಡಿಕೊಡುವಾಗಲೇ ಹೆಚ್ಚಿನ ಕಾಫಿ ಒಡೆಯುವುದು. ಮಲೆನಾಡಿನ ಹಳೆಯ ಕ್ರಮದಂತೆ ನೀರಿಗೇ ಬೆಲ್ಲ, ಪುಡಿ ಹಾಕಿ ಕುದಿಸಿ ಸೋಸುವುದಾದರೂ ಹಾಲು ಕೊನೆಗೇ.

ಪಾಯಸಕ್ಕೆ: ಬೆಲ್ಲವನ್ನು ಕಾಲು ಭಾಗ ನೀರಿನಲ್ಲಿ ಕರಗಿಸಿ, ಸೋಸಿ, ಬೆರಳು ಅದ್ದಬಹುದಾದಷ್ಟು ಆರಿಸಿ. ಹಾಲಿನಲ್ಲಿ ಬೆಂದ ಅಕ್ಕಿಯೋ ಶಾವಿಗೆಯೋ ಕೂಡ ಉರಿ ಆರಿಸಿ ಹತ್ತು ನಿಮಿಷ ಕೂತಿರಲಿ. ಆಮೇಲೆ ಸೇರಿಸಿ. ಸೋಡಾ ಚಿಟಿಕೆ ಹಾಕಿ ತಪ್ಪಿಸಿಕೊಳ್ಳುವವರಿದ್ದಾರೆ, ಪಾಯಸದ ಬಣ್ಣ ಮಂಕಾಗಿ ಬಾಯಿಗೆ ಚೌಳು ಹಿಡಿಯುತ್ತದೆ. ನಿಶ್ಚಿಂತೆ ಬೇಕಾದವರಿಗೆ ತೆಂಗಿನ ಹಾಲು ಇದ್ದೇ ಇದೆ, ಬೆಲ್ಲದ ಪಾಯಸಕ್ಕೆ ಹಿರಿಯರು ಅದನ್ನು ಆರಿಸಿದ್ದು ಬರೀ ರುಚಿಗಲ್ಲ.

ಪ್ರಶ್ನೆ: ಕಜ್ಜಾಯ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿಕೊಂಡು ಪುಡಿಯಾಗುತ್ತದೆ. ಹೋದ ಸಲ ಕಲ್ಲಾಗಿತ್ತು. ಬೆಲ್ಲದ ಬದಲು ಸಕ್ಕರೆ ಅಥವಾ ಜೋನಿ ಬೆಲ್ಲ ಹಾಕಿದರೆ ಸುಲಭವಾದೀತೇ?
— ಗೃಹಿಣಿ, ಹೊಳೆನರಸೀಪುರ

ಉತ್ತರ: ಜೋನಿ ಬೆಲ್ಲ ಖಂಡಿತ ಬೇಡ. ಅದರಲ್ಲಿ ಒಡೆದ ಸಕ್ಕರೆ, ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚು. ಎಷ್ಟು ಕಾಯಿಸಿದರೂ ಸರಿಯಾಗಿ ಕಟ್ಟುವುದಿಲ್ಲ, ಕಜ್ಜಾಯ ಎಣ್ಣೆ ಕುಡಿದು ಕಪ್ಪಾಗುತ್ತದೆ. ಬರೀ ಸಕ್ಕರೆ ಇದರ ತಿರುಗು: ಕಟ್ಟುತ್ತದೆ, ಆದರೆ ಆರಿದ ಮೇಲೆ ಒಳಗೆ ಹರಳಾಗಿ ಕಜ್ಜಾಯ ಬಿಸ್ಕತ್ತಿನಂತೆ ಗಟ್ಟಿ. ಅಚ್ಚು ಬೆಲ್ಲದಲ್ಲಿ ಇವೆರಡೂ ಹದವಾಗಿ ಬೆರೆತಿವೆ, ಹೆಚ್ಚಿನ ಪಾಲು ಹರಳಾಗುವ ಸಕ್ಕರೆ, ಸ್ವಲ್ಪ ಪಾಲು ಮೆತ್ತಗಿಡುವ ಸಕ್ಕರೆ. ತಿಳಿ ಬಣ್ಣ ಬೇಕೆಂದವರು ನಾಲ್ಕರಲ್ಲಿ ಒಂದು ಪಾಲು ಸಕ್ಕರೆ ಬೆರೆಸಬಹುದು, ಅದಕ್ಕಿಂತ ಹೆಚ್ಚು ಬೇಡ.

ನಿಮ್ಮ ತೊಂದರೆ ಸಿಹಿಯದ್ದಲ್ಲ, ಪಾಕ ಮತ್ತು ಹಿಟ್ಟಿನ ತೇವದ್ದು. ಅರ್ಧ ಕಿಲೋ ಅಕ್ಕಿಯನ್ನು ಒಂದು ದಿನ ನೆನೆಸಿ, ನಡುವೆ ನೀರು ಬದಲಿಸಿ. ಬಸಿದು ನೆರಳಲ್ಲಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರವಿ. ಕೈಗೆ ನೀರು ಅಂಟಬಾರದು, ಅಕ್ಕಿ ಮಾತ್ರ ತಂಪಾಗಿರಬೇಕು. ಪುಡಿ ಮಾಡಿ ಜರಡಿ ಹಿಡಿದ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು. ಅಂಗಡಿಯ ಒಣ ಅಕ್ಕಿಹಿಟ್ಟು ಪಾಕದ ನೀರನ್ನೆಲ್ಲ ಹೀರಿ ಬಿರುಕು ಬಿಡುತ್ತದೆ. ಕಜ್ಜಾಯ ಕಲ್ಲಾಗಲು ಇರುವ ಕಾರಣಗಳಲ್ಲಿ ಇದೂ ಒಂದು.

ಬೆಲ್ಲ 350 ಗ್ರಾಂ, ನೀರು 100 ಮಿ.ಲೀ. ಕರಗಿಸಿ, ಸೋಸಿ, ಮಧ್ಯಮ ಉರಿಯಲ್ಲಿ ಕಾಯಿಸಿ. ತಣ್ಣೀರಿನ ತಟ್ಟೆಗೆ ಒಂದು ತೊಟ್ಟು ಬಿಟ್ಟರೆ ಹರಡದೆ ಬೆರಳಿಗೆ ಮೆತ್ತನೆ ಉಂಡೆಯಾಗಿ ಸಿಗಬೇಕು. ಕೈಯಲ್ಲಿ ಹಿಡಿದರೆ ಆ ಉಂಡೆ ನಿಧಾನವಾಗಿ ಕುಗ್ಗಬೇಕು. ಕುಗ್ಗದೆ ಗುಂಡಗೇ ನಿಂತರೆ ಪಾಕ ದಾಟಿತು. ತೊಟ್ಟು ನೀರಿನಲ್ಲಿ ಹೊಗೆಯಂತೆ ಕರಗಿದರೆ ಇನ್ನೂ ಎಳಸು. ಹದ ಬಂದೊಡನೆ ಉರಿ ಆರಿಸಿ, ಏಲಕ್ಕಿ, ಗಸಗಸೆ, ಒಂದು ದೊಡ್ಡ ಚಮಚ ತುಪ್ಪ ಹಾಕಿ, ಹಿಟ್ಟನ್ನು ಹಿಡಿ ಹಿಡಿಯಾಗಿ ಸುರಿದು ಕಲಕಿ. ಒಟ್ಟಿಗೆ ಸುರಿಯಬೇಡಿ, ಹಿಟ್ಟು ಸ್ವಲ್ಪ ಉಳಿಯಬಹುದು. ಈ ಹೊತ್ತಿಗೆ ಅದು ಸೌಟಿನಿಂದ ಜಾರುವಷ್ಟು ಸಡಿಲವಿರಬೇಕು. ಮುಚ್ಚಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ತಾನೇ ಗಟ್ಟಿಯಾಗುತ್ತದೆ. ಗಾಬರಿಯಿಂದ ಅಂದೇ ಹಿಟ್ಟು ಸುರಿದು ಗಟ್ಟಿ ಮಾಡಿದವರ ಕಜ್ಜಾಯವೇ ಮಾರನೇ ದಿನ ಕಲ್ಲು.

ಒಂದು ದಿನ ಕಳೆದ ಮೇಲೆ ಒಂದೇ ಒಂದನ್ನು ತಟ್ಟಿ ಕರಿದು ನೋಡಿ. ಬಿಚ್ಚಿಕೊಂಡರೆ ಪಾಕ ಎಳಸಾಗಿತ್ತೆಂದು ಅರ್ಥ: ಎರಡು ಮೂರು ಚಮಚ ತೇವದ ಅಕ್ಕಿಹಿಟ್ಟು ನಾದಿ ಇನ್ನೊಮ್ಮೆ ಪರೀಕ್ಷಿಸಿ. ಗಟ್ಟಿಯಾದರೆ ಹಿಟ್ಟಿನ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು, ಒಂದೊಂದೇ ಚಮಚ ಬೆಚ್ಚನೆ ಹಾಲು ಹಾಕಿ ನಾದಿ. ಎಣ್ಣೆ ಹೊಗೆಯಾಡುವಷ್ಟು ಕಾಯಬಾರದು, ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಕರಿದದ್ದನ್ನು ಎರಡು ಚಪ್ಪಟೆ ಸೌಟಿನ ನಡುವೆ ಒತ್ತಿ ಎಣ್ಣೆ ಇಳಿಸಿ.

ಪ್ರಶ್ನೆ: ಕೈಯಂದಾಜು ಬೇಡ ಎಂದು ಪಾಕದ ಥರ್ಮಾಮೀಟರ್ ಕೊಂಡೆ. ವಿಡಿಯೋದಲ್ಲಿ ಹೇಳಿದ ಹಾಗೆ 116 ಡಿಗ್ರಿಗೆ ಇಳಿಸಿದರೂ ಬರ್ಫಿ ಪ್ರತಿ ಸಲ ಬಿರುಸು. ಥರ್ಮಾಮೀಟರ್ ದೋಷವೇ?
— ಓದುಗರು, ಹಾಸನ

ಉತ್ತರ: ನಿಮ್ಮ ಊರು ಎತ್ತರದಲ್ಲಿದೆ, ವಿಡಿಯೋ ಮಾಡಿದವರ ಲೆಕ್ಕ ಸಮುದ್ರ ಮಟ್ಟದ್ದು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿವೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ನಿಮ್ಮಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. ಪಾಕ ಎಂದರೆ ಸಕ್ಕರೆ ಬೆರೆತ ನೀರೇ ತಾನೆ, ಅದಕ್ಕೂ ಇದೇ ನಿಯಮ. ನಿಮ್ಮ ಒಲೆಯ ಮೇಲೆ 116 ತೋರಿಸುವ ಹೊತ್ತಿಗೆ ಸಮುದ್ರ ಮಟ್ಟದ 119ಕ್ಕೆ ಆರಬೇಕಾದಷ್ಟು ನೀರು ಆರಿಹೋಗಿರುತ್ತದೆ.

ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ತಳಕ್ಕೆ ತಾಗದಂತೆ ಹಿಡಿದು ಓದಿ. 100ಕ್ಕಿಂತ ಎಷ್ಟು ಕಡಿಮೆ ಬಂತೋ ಅಷ್ಟನ್ನು ಎಲ್ಲ ಪಾಕದ ಅಂಕಿಗಳಿಂದ ಕಳೆಯಿರಿ. ಉಪಕರಣದ ದೋಷವಿದ್ದರೆ ಅದೂ ಇದರಲ್ಲೇ ಸರಿಹೋಗುತ್ತದೆ. ಮೆತ್ತನೆ ಉಂಡೆ ಪಾಕಕ್ಕೆ 112–116 ಎಂದಿದ್ದರೆ ನಿಮಗೆ 109–113. ಟಕ್ಕೆಂದು ಮುರಿಯುವ ಪಾಕ 146–154 ಎಂದಿದ್ದರೆ 143–151. ಸಕ್ಕರೆ ಸುಟ್ಟು ಕಂದು ಮಾಡುವಾಗ ಮಾತ್ರ ಕಳೆಯಬೇಡಿ. ಅಲ್ಲಿ ನೀರಿನ ಆಟ ಮುಗಿದಿರುತ್ತದೆ, ಎತ್ತರದ ಮಾತು ಬರುವುದಿಲ್ಲ. ಬೆಲ್ಲದ ಪಾಕಕ್ಕೆ ನಮ್ಮ ಸಲಹೆ ಈಗಲೂ ತಣ್ಣೀರಿನ ತಟ್ಟೆಯೇ. ಬೆಲ್ಲದಿಂದ ಬೆಲ್ಲಕ್ಕೆ ಬೆರಕೆ ಬದಲಾಗುವುದರಿಂದ ಒಂದೇ ಅಂಕಿ ಎಲ್ಲಕ್ಕೂ ಹೊಂದದು.

ಪ್ರಶ್ನೆ: ಶೇಂಗಾ ಚಿಕ್ಕಿಗೆ ಬೆಲ್ಲದ ಬದಲು ಜೇನು?
— ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಆಗದು. ಜೇನಿನ ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮುರಿಯುವ ಹದಕ್ಕೆ ಕಾಯಿಸುವಷ್ಟರಲ್ಲಿ ಸುಡುತ್ತದೆ. ಸುಡದಂತೆ ಇಳಿಸಿದರೆ ಸಂಜೆಗೆ ಅಂಟು. 250 ಗ್ರಾಂ ಬೆಲ್ಲದ ಪಾಕಕ್ಕೆ ಕೊನೆಯಲ್ಲಿ ಒಂದು ಟೀ ಚಮಚ ಜೇನು ಪರಿಮಳಕ್ಕೆ ಹಾಕಬಹುದು, ಅಷ್ಟೇ. ಜೇನಿನಲ್ಲೇ ಮಾಡಬೇಕೆಂದರೆ ಚಿಕ್ಕಿಯ ಆಸೆ ಬಿಟ್ಟು, ಹುರಿದ ಅವಲಕ್ಕಿ, ಶೇಂಗಾ, ಎಳ್ಳು ಬೆರೆಸಿ ಮೆತ್ತನೆ ಉಂಡೆ ಕಟ್ಟಿ.

ಪ್ರಶ್ನೆ: ಯಜಮಾನರಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಬಿಟ್ಟು ಜೇನು, ಬೆಲ್ಲ ಕೊಡುತ್ತಿದ್ದೇನೆ. ಕೇಕಿಗೆ ಸ್ಟೀವಿಯಾ ಹಾಕಿದರೆ ಉಬ್ಬುವುದೇ ಇಲ್ಲ.
— ಗೃಹಿಣಿ, ಬೇಲೂರು

ಉತ್ತರ: ಮೊದಲನೆಯದನ್ನು ನಿಲ್ಲಿಸಿ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ, ಜೇನೂ ಸಕ್ಕರೆಯೇ. ಒಂದು ಟೀ ಚಮಚ ಸಕ್ಕರೆ ನಾಲ್ಕು ಗ್ರಾಂ. ಒಂದು ಟೀ ಚಮಚ ಜೇನು ಏಳು ಗ್ರಾಂ, ಅದರಲ್ಲಿ ಐದೂವರೆ ಗ್ರಾಂಗೂ ಹೆಚ್ಚು ಸಕ್ಕರೆಯಂಶ. ಅಂದರೆ ಚಮಚಕ್ಕೆ ಚಮಚ ಬದಲಿಸಿದಾಗ ನೀವು ಕೊಟ್ಟದ್ದು ಹೆಚ್ಚೇ ಆಯಿತು. ಖರ್ಜೂರದ ಪೇಸ್ಟಿಗೂ ಇದೇ ಮಾತು. ದಿನಕ್ಕೆ ಎಷ್ಟು ಎಂಬುದನ್ನು ವೈದ್ಯರ ಹತ್ತಿರ ಕೇಳಿ, ಯಾವುದು ಎಂಬುದು ಆಮೇಲಿನ ಮಾತು.

ಕೇಕು ಉಬ್ಬದಿರುವುದಕ್ಕೆ ಕಾರಣ: ಸ್ಟೀವಿಯಾ ಸಕ್ಕರೆಗಿಂತ 200–300 ಪಟ್ಟು ಸಿಹಿ, ಹಾಗಾಗಿ ಚಿಟಿಕೆ ಸಾಕು. ಆದರೆ ಕೇಕಿನಲ್ಲಿ 200 ಗ್ರಾಂ ಸಕ್ಕರೆ ಬರೀ ಸಿಹಿಗಲ್ಲ, ಗಾತ್ರಕ್ಕೂ, ತೇವಕ್ಕೂ, ಮೆತ್ತನೆತನಕ್ಕೂ ಇರುವುದು. ಅದನ್ನು ತೆಗೆದ ಜಾಗ ಖಾಲಿ. ಆ ಗಾತ್ರವನ್ನು ಸಿಹಿ ಹಾಕದ ಗಟ್ಟಿ ಮೊಸರು ಇಲ್ಲವೇ ತುರಿದ ಕ್ಯಾರೆಟ್, ಬೂದುಗುಂಬಳ ಸ್ವಲ್ಪ ಮಟ್ಟಿಗೆ ತುಂಬುತ್ತವೆ. ಫಲಿತಾಂಶ ಕೇಕಿಗಿಂತ ಮೆತ್ತನೆ ರೊಟ್ಟಿಗೆ ಹತ್ತಿರ, ಮೊದಲೇ ಹೇಳಿಬಿಡುತ್ತೇವೆ. ಆಸ್ಪರ್ಟೇಮ್ ಇರುವ ಪುಡಿ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಬೇಕಿಂಗಿಗೆ ಬೇಡ. ಮನೆಯ ಉಳಿದವರಿಗೆ ಮಾಡುವ ಕೇಕಿನಲ್ಲಿ ಸಕ್ಕರೆಯನ್ನು ಕಾಲು ಭಾಗ ಕಡಿಮೆ ಮಾಡಿದರೆ ಹೆಚ್ಚಿನ ರೆಸಿಪಿಗಳಿಗೆ ಏನೂ ಆಗುವುದಿಲ್ಲ.

ಪ್ರಶ್ನೆ: ಮಳೆಗಾಲ ಹಿಡಿದರೆ ಡಬ್ಬದಲ್ಲಿ ಬೆಲ್ಲ ನೀರೊಡೆಯುತ್ತದೆ. ಈ ವರ್ಷ ಜೇನಿನ ಬಾಟಲಿಯೂ ನೊರೆ ಬಂದು ಮುಚ್ಚಳ ತೆಗೆದಾಗ ಬುಸ್ಸೆಂದಿತು.
— ಓದುಗರು, ಸಕಲೇಶಪುರ

ಉತ್ತರ: ಬೆಲ್ಲದಲ್ಲಿರುವ ಒಡೆದ ಸಕ್ಕರೆ ಮತ್ತು ಲವಣಗಳು ಗಾಳಿಯ ತೇವವನ್ನು ಕುಡಿಯುತ್ತವೆ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದುದು ಇದಕ್ಕೇ. ಗ್ಯಾಸ್ ಒಲೆಯ ಕಾಲಕ್ಕೆ ಆ ದಾರಿ ಮುಚ್ಚಿತು. ಏಪ್ರಿಲ್, ಮೇ ತಿಂಗಳಲ್ಲೇ ಮಳೆಗಾಲಕ್ಕೆ ಬೇಕಾದಷ್ಟನ್ನು ತಂದು, ನೆರಳಲ್ಲಿ ಎರಡು ದಿನ ಗಾಳಿಗಿಟ್ಟು, ಬಟರ್ ಪೇಪರಿನಲ್ಲಿ ಅಚ್ಚು ಅಚ್ಚಾಗಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ದೊಡ್ಡ ಡಬ್ಬ ಒಂದಕ್ಕಿಂತ ಚಿಕ್ಕವು ನಾಲ್ಕು ಮೇಲು, ದಿನವೂ ತೆಗೆಯುವುದು ಒಂದೇ ಆಗುತ್ತದೆ. ಆಗಲೇ ನೀರೊಡೆದದ್ದನ್ನು ಕರಗಿಸಿ, ಸೋಸಿ, ಮೇಲೆ ಹೇಳಿದ ಜೋನಿ ಹದಕ್ಕೆ ಕಾಯಿಸಿ ಫ್ರಿಜ್‌ನಲ್ಲಿಡಿ. ಬೂಷ್ಟು ಹಿಡಿದಿದ್ದರೆ ಕೆರೆದು ಉಳಿಸಲು ಹೋಗಬೇಡಿ, ಚೆಲ್ಲಿ.

ಜೇನಿನಲ್ಲಿ ನೀರಿನಂಶ 20 ಶೇಕಡಾ ದಾಟಿದರೆ ಅದರೊಳಗೇ ಇರುವ ಯೀಸ್ಟ್ ಎಚ್ಚರಗೊಂಡು ಹುಳಿಸುತ್ತದೆ. ಮುಚ್ಚದ ಎರಿಯಿಂದ ಹಿಂಡಿದ್ದು, ಮಳೆ ಶುರುವಾದ ಮೇಲೆ ತೆಗೆದದ್ದು ಬೇಗ ಹುಳಿಯಾಗುತ್ತದೆ. ಮುಜಂಟಿ ಜೇನು ಹುಟ್ಟಿನಿಂದಲೇ ತೆಳು ಮತ್ತು ಹುಳಿ, ಅದರ ಜಾಗ ಫ್ರಿಜ್ಜೇ. ಒದ್ದೆ ಚಮಚ ಬಾಟಲಿಗೆ ಇಳಿಯದಿರಲಿ. ನಿಮ್ಮದು ಬರೀ ನೊರೆ ಬಂದು ತುಸು ಹುಳಿಯಾಗಿದ್ದರೆ ಕುದಿ ಬರುವಷ್ಟು ಕಾಯಿಸಿ, ನೊರೆ ತೆಗೆದು, ಬಾಳೆಹಣ್ಣಿನ ಕೇಕಿಗೆ ಮುಗಿಸಿ. ಹೆಂಡದ ವಾಸನೆ ಜೋರಾಗಿದ್ದರೆ ಕೈಬಿಡಿ. ಒತ್ತಡ ಇರುವ ಗಾಜಿನ ಬಾಟಲಿಯ ಮುಚ್ಚಳವನ್ನು ಮುಖದ ಹತ್ತಿರ ತಿರುವಬೇಡಿ.

ಪ್ರಶ್ನೆ: ಹೋಳಿಗೆ ಹೂರಣಕ್ಕೆ ಅರ್ಧ ಬೆಲ್ಲ, ಅರ್ಧ ಸಕ್ಕರೆ ಹಾಕಿದೆ, ತೆಳ್ಳಗಾಗಿ ಕಣಕದಲ್ಲಿ ನಿಲ್ಲಲಿಲ್ಲ.
— ಗೃಹಿಣಿ, ಕಡೂರು

ಉತ್ತರ: ಸಕ್ಕರೆಯಾಗಲಿ ಬೆಲ್ಲವಾಗಲಿ, ಬಿಸಿ ಬೇಳೆಗೆ ಬಿದ್ದರೆ ನೀರಾಗಿಯೇ ಆಗುತ್ತದೆ. ಬೇಳೆಯ ಕಟ್ಟು ಪೂರ್ತಿ ಬಸಿದಿಲ್ಲ, ಇಲ್ಲವೇ ಬೆಲ್ಲ ಹಾಕಿದ ಮೇಲೆ ಬೇಗ ಇಳಿಸಿದ್ದೀರಿ. 250 ಗ್ರಾಂ ಬೇಳೆಗೆ ಒಟ್ಟು ಸಿಹಿ 250 ಗ್ರಾಂ ಮೀರದಿರಲಿ. ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮಗುಚುತ್ತಾ, ಚಮಚ ನಿಲ್ಲಿಸಿದರೆ ನಿಲ್ಲುವ ತನಕ ಆರಿಸಿ, ಆಮೇಲೆ ರುಬ್ಬಿ. ರುಬ್ಬಿದ ಮೇಲೆ ತೆಳುವಾಗಿದ್ದು ತಿಳಿದರೆ ಮತ್ತೆ ಬಾಣಲೆಗೇ. ಹುರಿಗಡಲೆ ಪುಡಿ ಹಾಕಿ ಗಟ್ಟಿ ಮಾಡಿದ ಹೋಳಿಗೆ ತಿನ್ನುವಾಗ ಗಂಟಲು ಹಿಡಿಯುತ್ತದೆ.

ಪ್ರಶ್ನೆ: ಎಂಟು ತಿಂಗಳ ಮಗುವಿನ ರಾಗಿ ಸರಿಗೆ ಸಕ್ಕರೆ ಬೇಡವೆಂದು ಜೇನು ಹಾಕಬಹುದೇ? ಕುದಿಯುವಾಗಲೇ ಹಾಕುತ್ತೇನೆ.
— ಓದುಗರು, ತರೀಕೆರೆ

ಉತ್ತರ: ಹಾಕಬಾರದು. ಒಂದು ವರ್ಷ ತುಂಬುವ ತನಕ ಜೇನು ನೆಕ್ಕಿಸುವುದೂ ಬೇಡ. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅವು ಮೊಳೆಯುವುದಿಲ್ಲ, ಹಸುಗೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲವು. ಒಲೆಯ ಕುದಿಗೆ ಅವು ಸಾಯುವುದಿಲ್ಲ. ಆ ವಯಸ್ಸಿಗೆ ಸರಿಗೆ ಸಿಹಿಯೇ ಬೇಕಿಲ್ಲ. ಬೇಕೆನಿಸಿದರೆ ಕಳಿತ ಏಲಕ್ಕಿ ಬಾಳೆಹಣ್ಣು ಕಿವುಚಿ ಬೆರೆಸಿ.

ಪ್ರಶ್ನೆ: ತೋಟದವರಿಂದಲೇ ಕೊಂಡ ಜೇನು ತಳದಲ್ಲಿ ಸಕ್ಕರೆಯಂತೆ ಗಟ್ಟಿಯಾಗಿದೆ. ಕಲಬೆರಕೆಯೇ? ಬೇಕಿಂಗಿಗೆ ಅಳೆಯುವುದು ಹೇಗೆ?
— ಓದುಗರು, ಕೊಪ್ಪ

ಉತ್ತರ: ಗಟ್ಟಿಯಾದ ಮಾತ್ರಕ್ಕೆ ಕಲಬೆರಕೆ ಅಲ್ಲ, ಅದು ಗ್ಲೂಕೋಸ್ ಹರಳಾಗಿದ್ದು. ಚಳಿಗಾಲದಲ್ಲಿ ಅಪ್ಪಟ ಜೇನಿಗೂ ಆಗುತ್ತದೆ, ರಬ್ಬರ್ ತೋಟದ ಜೇನಿಗಂತೂ ಬಹಳ ಬೇಗ. ನೀರಿಗೆ ತೊಟ್ಟು ಬಿಡುವ, ಬೆಂಕಿಕಡ್ಡಿ ಗೀರುವ ಮನೆ ಪರೀಕ್ಷೆಗಳು ಜೇನು ಎಷ್ಟು ಮಂದವೆಂದು ಹೇಳುತ್ತವೆಯೇ ಹೊರತು ಅಪ್ಪಟವೋ ಅಲ್ಲವೋ ಎಂದಲ್ಲ. ಬೆಲ್ಲದ ಪಾಕ ಸೇರಿಸಿದ ಮಂದ ಜೇನೂ ಅವುಗಳಲ್ಲಿ ಪಾಸಾಗುತ್ತದೆ.

ಬಾಟಲಿಯನ್ನು 40 ಡಿಗ್ರಿಯ, ಅಂದರೆ ಕೈ ತಾಳುವಷ್ಟು ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ನೀರು ತಣ್ಣಗಾದರೆ ಬದಲಿಸಿ. ಪೂರ್ತಿ ಕರಗಿ, ಒಮ್ಮೆ ಕಲಕಿದ ಮೇಲೆಯೇ ಅಳೆಯಿರಿ. ಮೇಲಿನ ತೆಳುವನ್ನಷ್ಟೇ ಬಗ್ಗಿಸಿ ಅಳೆದರೆ ಕೇಕಿಗೆ ನೀರು ಹೆಚ್ಚು ಹೋಗುತ್ತದೆ, ತಳದ್ದನ್ನು ಕೆರೆದು ಹಾಕಿದರೆ ಹಿಟ್ಟಿನಲ್ಲಿ ಹರಳು ಹರಳಾಗಿ ಉಳಿಯುತ್ತದೆ.